ವಾಟ್ಸಾಪ್, ಟೆಲಿಗ್ರಾಂನಲ್ಲಿ ಸ್ಪ್ಯಾಮ್ ಕಳಿಸಿದರೆ ಏನು ಶಿಕ್ಷೆ? ದೂರು ಕೊಡುವುದು ಹೇಗೆ?

"ದಿನಾ ಯಾವುದೋ ನಂಬರಿಂದ ಮೆಸೇಜ್ ಬರುತ್ತೆ. ಇವರನ್ನ ಜೈಲಿಗೆ ಹಾಕಿಸೋಕೆ ಆಗಲ್ವಾ?" ಓದುಗರು ನನಗೆ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಸಣ್ಣ ಅಂಗಡಿ ನಡೆಸುವವರು ಇದನ್ನೇ ತಿರುಗಿಸಿ ಕೇಳುತ್ತಾರೆ: "ನಮ್ಮ ಆಫರ್‌ನ ಐನೂರು ಜನಕ್ಕೆ ಕಳಿಸಿದ್ರೆ ನಮ್ಮ ಮೇಲೆ ಕೇಸ್ ಆಗುತ್ತಾ?" ಇಬ್ಬರಿಗೂ ಇಲ್ಲಿ ಉತ್ತರ ಇದೆ.

ಸ್ಪ್ಯಾಮ್ ಅಂದರೆ ನೀವು ಕೇಳದಿದ್ದರೂ ರಾಶಿ ರಾಶಿಯಾಗಿ ಬಂದು ಬೀಳುವ ಮೆಸೇಜು. ನಮ್ಮ ದೇಶದಲ್ಲಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟೆಲಿಗ್ರಾಂನ ಸ್ಪ್ಯಾಮ್‌ಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. ಶಿಕ್ಷೆ ಎಷ್ಟು ಅನ್ನುವುದು ಮೆಸೇಜಿನ ಒಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ದೂರಿನಲ್ಲಿ "ಸ್ಪ್ಯಾಮ್ ಬರುತ್ತಿದೆ, ಕ್ರಮ ತೆಗೆದುಕೊಳ್ಳಿ" ಎಂದು ಬರೆದರೆ ಅದು ಮುಂದೆ ಹೋಗುವುದೇ ಇಲ್ಲ. "ಬ್ಯಾಂಕಿನವನೆಂದು ಸುಳ್ಳು ಹೇಳಿ ನನ್ನ ಒಟಿಪಿ ಕೇಳಿದ್ದಾನೆ" ಎಂದು ಬರೆದರೆ ಅದೇ ಮೆಸೇಜು 3 ವರ್ಷದವರೆಗೆ ಜೈಲು ಇರುವ ಅಪರಾಧಕ್ಕೆ ಸೇರುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರ ದೂರು ಹೀಗೇ ಒಂದು ಸಾಲಿನಲ್ಲಿ ಹೋಗಿ ಹಾಗೇ ವಾಪಸ್ ಬಂದಿತ್ತು. ಎರಡನೇ ಸಲ ವಿವರವಾಗಿ ಬರೆದುಕೊಟ್ಟಾಗ ದಾಖಲಾಯಿತು.

ಮೊದಲು: 66ಎ ಮರೆತುಬಿಡಿ

ಹಳೆಯ ಫಾರ್ವರ್ಡ್‌ಗಳಲ್ಲಿ "ಕಿರಿಕಿರಿ ಮೆಸೇಜ್ ಕಳಿಸಿದರೆ ಐಟಿ ಕಾಯ್ದೆ 66ಎ ಅಡಿ 3 ವರ್ಷ ಜೈಲು" ಎಂದು ಇನ್ನೂ ಓಡಾಡುತ್ತಿದೆ. ಐಟಿ ಕಾಯ್ದೆ ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ. ಹೌದು, ಅದರಲ್ಲಿ ಅಂಥ ಒಂದು ಸೆಕ್ಷನ್ ಇತ್ತು. ಕಿರಿಕಿರಿ ಮಾಡಲು, ಅನಾನುಕೂಲ ಮಾಡಲು ಕಳಿಸುವ ಮೆಸೇಜು ಅದರೊಳಗೆ ನೇರವಾಗಿ ಬರುತ್ತಿತ್ತು. ಆದರೆ ಅದರ ಮಾತುಗಳು ತೀರಾ ಅಸ್ಪಷ್ಟವಾಗಿದ್ದವು. ಮಾತಾಡುವ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆ ಎಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಅದನ್ನು ರದ್ದು ಮಾಡಿತು. ಆಮೇಲೂ ಕೆಲವೆಡೆ ಆ ಸೆಕ್ಷನ್ ಹಾಕುತ್ತಿದ್ದರು. ಇನ್ನು ಯಾರ ಮೇಲೂ ಅದರಡಿ ಕೇಸ್ ನಡೆಸುವಂತಿಲ್ಲ ಎಂದು ಕೋರ್ಟ್ 2022ರಲ್ಲಿ ಮತ್ತೆ ಖಡಾಖಂಡಿತವಾಗಿ ಹೇಳಿತು. ನಿಮ್ಮ ದೂರಿನಲ್ಲಿ 66ಎ ಬರೆಯಬೇಡಿ. ನಿಮ್ಮ ಮೇಲೆ ಯಾರಾದರೂ 66ಎ ಹಾಕಿದ್ದರೆ ತಡ ಮಾಡದೆ ವಕೀಲರನ್ನು ನೋಡಿ.

ಹಂತ 1: ಬ್ಲಾಕ್ ಮಾಡುವ ಮೊದಲು ಉಳಿಸಿಕೊಳ್ಳಿ

ಜನ ಜಾಸ್ತಿ ಎಡವುವುದು ಇಲ್ಲೇ. ಸಿಟ್ಟಿನಲ್ಲಿ ಮೊದಲು ಬ್ಲಾಕ್ ಮಾಡಿ, ಚಾಟ್ ಅಳಿಸಿ, ಆಮೇಲೆ ಠಾಣೆಗೆ ಹೋಗುತ್ತಾರೆ. ಕೈಯಲ್ಲಿ ಏನೂ ಇರುವುದಿಲ್ಲ.

ವಾಟ್ಸಾಪ್‌ನಲ್ಲಿ 'ರಿಪೋರ್ಟ್' ಒತ್ತಿದಾಗ ಬ್ಲಾಕ್ ಮಾಡಿ ಚಾಟ್ ಅಳಿಸುವ ಆಯ್ಕೆಯೂ ಜೊತೆಗೇ ಬರುತ್ತದೆ. ಅದಕ್ಕೆ ಟಿಕ್ ಇದ್ದರೆ ತೆಗೆಯಿರಿ. ಅದಕ್ಕೂ ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಹೆಸರು ಮಾತ್ರ ಕಂಡರೆ ಸಾಲದು. ಮೇಲಿನ ಹೆಸರನ್ನು ಒತ್ತಿ, ಪೂರ್ತಿ ನಂಬರ್ ಕಾಣುವ ಪುಟದ ಚಿತ್ರವನ್ನೂ ತೆಗೆಯಿರಿ. ತಾರೀಕು, ಸಮಯ ಕಾಣಬೇಕು. ಚಾಟನ್ನು ಎಕ್ಸ್‌ಪೋರ್ಟ್ ಮಾಡಿ, ಅಂದರೆ ಪೂರ್ತಿ ಮಾತುಕತೆಯನ್ನು ಒಂದು ಫೈಲ್ ಆಗಿ ಹೊರಗೆ ತೆಗೆದು, ನಿಮ್ಮ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟೆಲಿಗ್ರಾಂನಲ್ಲಿ ಹೆಸರು ಯಾವಾಗ ಬೇಕಾದರೂ ಬದಲಾಗುತ್ತದೆ. ಅಲ್ಲಿ ಪ್ರೊಫೈಲ್‌ನ ಲಿಂಕ್ ಕಾಪಿ ಮಾಡಿ ಇಡುವುದು ಸ್ಕ್ರೀನ್‌ಶಾಟ್‌ಗಿಂತ ಮುಖ್ಯ.

ಇನ್ನೊಂದು ಮಾತು. ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಡಿಜಿಟಲ್ ಸಾಕ್ಷ್ಯದ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. 'ಈ ಪ್ರತಿ ಇಂಥ ಫೋನಿನಿಂದ ತೆಗೆದದ್ದು, ತಿದ್ದಿಲ್ಲ' ಎಂದು ಬರೆದು ಸಹಿ ಮಾಡುವ ಕಾಗದ ಅದು. ಹಳೆಯ ಕಾನೂನಿನಲ್ಲಿ ಇದನ್ನು 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದರು.

ಹಂತ 2: ಒಳಗೆ ಏನಿದೆ ನೋಡಿ, ಯಾವ ಅಪರಾಧ ಅಂತ ಗುರುತಿಸಿ

ಇದೇ ಮುಖ್ಯ ಹಂತ. ನಿಧಾನವಾಗಿ ಓದಿ.

*ಬೇರೆಯವರ ಸೋಗು ಹಾಕಿದ್ದರೆ.* ಬ್ಯಾಂಕಿನವನು, ಕೊರಿಯರ್‌ನವನು, ವಿದ್ಯುತ್ ಕಚೇರಿಯವನು, ಪೊಲೀಸ್ ಅಂತ ಹೇಳಿಕೊಂಡು ಫೋನು, ಆ್ಯಪು, ಇಂಟರ್ನೆಟ್ ಮೂಲಕ ಮೋಸ ಮಾಡಿದರೆ ಐಟಿ ಕಾಯ್ದೆ ಸೆಕ್ಷನ್ 66ಡಿ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ನಿಮ್ಮದೇ ಫೋಟೊ, ಹೆಸರು ಹಾಕಿ ಇನ್ನೊಂದು ಫೇಸ್‌ಬುಕ್ ಖಾತೆ ಮಾಡಿ, ನಿಮ್ಮ ಗೆಳೆಯರಿಗೆಲ್ಲ "ಅರ್ಜೆಂಟು, ಹತ್ತು ಸಾವಿರ ಹಾಕು" ಅಂತ ಕಳಿಸುತ್ತಾರಲ್ವಾ? ಅಲ್ಲೂ ಇದೇ ಸೆಕ್ಷನ್. ಜೊತೆಗೆ, ಬೇರೆಯವರ ಪಾಸ್‌ವರ್ಡ್ ಅಥವಾ ಗುರುತನ್ನು ಕದ್ದು ಬಳಸಿದ್ದಕ್ಕೆ 66ಸಿ. ಅದಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.

*ದುಡ್ಡು ಕಿತ್ತುಕೊಂಡಿದ್ದರೆ.* ಭಾರತೀಯ ನ್ಯಾಯ ಸಂಹಿತೆಯ 318(4) ಸೇರುತ್ತದೆ. ಹಳೆಯ ಐಪಿಸಿಯ 420 ಇದೇ. 7 ವರ್ಷದವರೆಗೆ ಜೈಲು ಮತ್ತು ದಂಡ.

*ದುಡ್ಡು ಹೋಗದಿದ್ದರೆ?* "ನಿಮಗೆ ನಷ್ಟ ಆಗಿಲ್ವಲ್ಲ, ಹಾಗಾದ್ರೆ ಕೇಸ್ ಇಲ್ಲ" ಅನ್ನುವ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಅದು ತಪ್ಪು. ಐಟಿ ಕಾಯ್ದೆಯ 84ಸಿ ಪ್ರಕಾರ ಅಪರಾಧಕ್ಕೆ ಪ್ರಯತ್ನಪಟ್ಟರೂ ಶಿಕ್ಷೆ ಇದೆ. ಆ ಅಪರಾಧದ ಗರಿಷ್ಠ ಜೈಲಿನ ಅರ್ಧದವರೆಗೆ ಹಾಕಬಹುದು. ದೂರಿನಲ್ಲಿ 84ಸಿ ಹೆಸರಿಸಿ.

*ಫೈಲ್ ಕಳಿಸಿದ್ದರೆ.* 'ನಿಮ್ಮ ಗಾಡಿ ಮೇಲೆ ದಂಡ ಬಾಕಿ ಇದೆ' ಅಥವಾ 'ಮದುವೆಗೆ ತಪ್ಪದೆ ಬನ್ನಿ' ಎಂಬ ಮೆಸೇಜಿನ ಜೊತೆ ಒಂದು ಫೈಲ್. ಅದರ ಹೆಸರಿನ ಕೊನೆ ಗಮನಿಸಿ. ನಿಜವಾದ ಆಮಂತ್ರಣ ಆಗಿದ್ದರೆ ಚಿತ್ರ ಅಥವಾ ಪಿಡಿಎಫ್ ಇರುತ್ತದೆ. ಇಲ್ಲಿ ಚುಕ್ಕಿಯ ಮುಂದೆ 'ಎಪಿಕೆ' ಅಂತ ಇರುತ್ತದೆ. ಎಪಿಕೆ ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲು. ಹಾಕಿದ ತಕ್ಷಣ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಒಟಿಪಿಗಳೆಲ್ಲ ಅವರ ಕೈಗೆ. ಇಂಥ ಫೈಲ್ ಫೋನಿಗೆ ಸೇರಿಸಿದರೆ ಐಟಿ ಕಾಯ್ದೆ ಸೆಕ್ಷನ್ 43ರ ಜೊತೆ 66. 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆ ಫೈಲನ್ನು "ನೋಡು ಇದು ಮೋಸ" ಅಂತ ಮನೆಯವರಿಗೆ ಫಾರ್ವರ್ಡ್ ಮಾಡಬೇಡಿ. ಸ್ಕ್ರೀನ್‌ಶಾಟ್ ಮಾತ್ರ ಕಳಿಸಿ.

*ಅಶ್ಲೀಲ ಚಿತ್ರ, ವಿಡಿಯೊ.* ಐಟಿ ಕಾಯ್ದೆ ಸೆಕ್ಷನ್ 67: ಮೊದಲ ಸಲ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೇರವಾಗಿ ಲೈಂಗಿಕ ಕ್ರಿಯೆ ತೋರಿಸುವಂಥದ್ದಾದರೆ 67ಎ: 5 ವರ್ಷ, 10 ಲಕ್ಷ. ಮಕ್ಕಳದ್ದಾದರೆ 67ಬಿ. ಮಕ್ಕಳ ವಿಷಯದಲ್ಲಿ ನೋಡುವುದು, ಇಟ್ಟುಕೊಳ್ಳುವುದೂ ಅಪರಾಧವೇ. ಆದ್ದರಿಂದ ಅಂಥದ್ದನ್ನು 'ಸಾಕ್ಷಿಗೆ ಇರಲಿ' ಅಂತ ಯಾರಿಗೂ ಕಳಿಸಬೇಡಿ. ಕಳಿಸಿದವರ ನಂಬರ್, ಲಿಂಕ್ ಬರೆದುಕೊಂಡು ತಕ್ಷಣ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ.

*ಹೆಣ್ಣುಮಕ್ಕಳಿಗೆ ಬೇಡ ಅಂದರೂ ಮತ್ತೆ ಮತ್ತೆ ಕಳಿಸುವುದು.* ಇದನ್ನು ಸ್ಪ್ಯಾಮ್ ಅನ್ನಬೇಡಿ. ಇದು ಬೆನ್ನುಬಿದ್ದು ಕಾಡುವುದು. ನ್ಯಾಯ ಸಂಹಿತೆ 78ರಲ್ಲಿ ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಆಸಕ್ತಿ ಇಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಕಾಡುವುದು ಎಂದು ಕಾನೂನು ಹೇಳುತ್ತದೆ. ಅದಕ್ಕೇ ಒಂದೇ ಒಂದು ಸಲ "ನನಗೆ ಮೆಸೇಜ್ ಮಾಡಬೇಡಿ" ಎಂದು ಬರೆದು ಕಳಿಸಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ಉತ್ತರ ಕೊಡಬೇಡಿ. ಆ ಒಂದು ಸಾಲು ಕೇಸಿಗೆ ದೊಡ್ಡ ಬಲ.

*ಹಣ ದುಪ್ಪಟ್ಟು, ಷೇರು ಟಿಪ್ಸ್, ಜೂಜಿನ ಆ್ಯಪು.* ಅನುಮತಿ ಇಲ್ಲದ ಠೇವಣಿ ಯೋಜನೆಗೆ ಜನರನ್ನು ಕರೆದರೇ ಸಾಕು, 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಲ್ಲಿ 1ರಿಂದ 5 ವರ್ಷ ಜೈಲು, 2ರಿಂದ 10 ಲಕ್ಷ ದಂಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತು ಹರಡಿದರೆ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅನ್ನುತ್ತದೆ. ಟೆಲಿಗ್ರಾಂನಲ್ಲಿ ದುಡ್ಡು ತೆಗೆದುಕೊಂಡು ಷೇರು ಸಲಹೆ ಕೊಡುವವರು ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆ ಸೆಬಿಯಲ್ಲಿ ನೋಂದಣಿ ಮಾಡಿಸಿರಲೇಬೇಕು. ಇಲ್ಲದಿದ್ದರೆ ಸೆಬಿಗೂ ದೂರು ಕೊಡಬಹುದು.

*ಸುಳ್ಳು ಸುದ್ದಿ.* ಜನರಲ್ಲಿ ಭಯ ಎಬ್ಬಿಸುವ, ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ ವದಂತಿ ಹರಡಿದರೆ ನ್ಯಾಯ ಸಂಹಿತೆ 353ರಲ್ಲಿ 3 ವರ್ಷದವರೆಗೆ ಜೈಲು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿಯಿಂದ ಹೈದರಾಬಾದಿನ ಯುವಕನೊಬ್ಬ ಗುಂಪಿನ ಕೈಗೆ ಸಿಕ್ಕಿ ಸತ್ತ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5 ಚಾಟ್‌ಗೆ ಇಳಿಸಲು ಮುಂದಾಯಿತು. "ಸುಮ್ನೆ ಫಾರ್ವರ್ಡ್ ಮಾಡಿದೆ" ಅನ್ನುವವರಿಗೆ ನಾನು ಪ್ರತಿ ಸಲ ಈ ಊರಿನ ಹೆಸರು ಹೇಳುತ್ತೇನೆ.

*ಬರೀ ಜಾಹೀರಾತು, ಶುಭೋದಯ, ಸೈಟ್ ಮಾರಾಟಕ್ಕಿದೆ.* ಇದರಲ್ಲಿ ಮೋಸ, ಬೆದರಿಕೆ, ಅಶ್ಲೀಲ ಏನೂ ಇಲ್ಲದಿದ್ದರೆ ಜೈಲಿನ ಮಾತು ಬರುವುದಿಲ್ಲ. ಬ್ಲಾಕ್, ರಿಪೋರ್ಟ್, ಅಷ್ಟೇ. ಜಾಹೀರಾತಿನಲ್ಲಿ ಸುಳ್ಳು ಇದ್ದರೆ ಮಾತ್ರ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಹಂತ 3: ಆ್ಯಪ್‌ನೊಳಗೆ ರಿಪೋರ್ಟ್ ಮಾಡಿ

ವಾಟ್ಸಾಪ್‌ನಲ್ಲಿ ರಿಪೋರ್ಟ್ ಮಾಡಿದರೆ ಆ ನಂಬರಿನಿಂದ ನಿಮಗೆ ಬಂದ ಕೊನೆಯ 5 ಮೆಸೇಜು ಕಂಪನಿಗೆ ಹೋಗುತ್ತದೆ. ಅದನ್ನು ನೋಡಿ ಖಾತೆ ಮುಚ್ಚಬಹುದು. ಇದರಿಂದ ಪೊಲೀಸ್ ಕೇಸ್ ಆಗುವುದಿಲ್ಲ, ನೆನಪಿಡಿ. ಎರಡೂ ಬೇರೆ ಬೇರೆ.

ರಿಪೋರ್ಟ್‌ಗೆ ಬೆಲೆ ಸಿಗಲಿಲ್ಲ ಅಂದರೆ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ಕಂಪನಿ ಇವರ ಹೆಸರು, ಸಂಪರ್ಕ ವಿವರ ಹಾಕಿರಲೇಬೇಕು. ದೂರು ಬಂದ 24 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು. ಅವರ ಉತ್ತರ ಸರಿಯಿಲ್ಲ ಅನಿಸಿದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಎಲ್ಲವೂ ಆನ್‌ಲೈನ್.

ಹಂತ 4: ಸರಿಯಾದ ಬಾಗಿಲು ತಟ್ಟಿ

ದುಡ್ಡು ಹೋಗಿದೆಯಾ? ಬೇರೆ ಏನನ್ನೂ ಯೋಚಿಸಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಇನ್ನೂ ಅವರ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯಲು ಈ ವ್ಯವಸ್ಥೆ ಇರುವುದು. ಮೊದಲ ಒಂದೆರಡು ಗಂಟೆಗೆ ಇರುವ ಬೆಲೆ ಮರುದಿನಕ್ಕೆ ಇಲ್ಲ. ಬ್ಯಾಂಕ್ ಮೆಸೇಜಿನಲ್ಲಿರುವ ಯುಟಿಆರ್ ನಂಬರ್, ಅಂದರೆ ಆ ವಹಿವಾಟಿನ ಗುರುತಿನ ಸಂಖ್ಯೆ, ಕೈಯಲ್ಲಿ ಇರಲಿ. ಯುಪಿಐ ಆದರೆ ಅದು 12 ಅಂಕಿ ಇರುತ್ತದೆ.

ದುಡ್ಡು ಹೋಗಿಲ್ಲ, ಆದರೆ ಮೆಸೇಜು ಮೋಸದ್ದು ಅನ್ನುವುದು ಖಚಿತ. ಆಗ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ 'ಚಕ್ಷು' ಎಂಬ ವಿಭಾಗ ಇದೆ. 2024ರ ಮಾರ್ಚ್‌ನಲ್ಲಿ ಶುರುವಾಯಿತು. ಕರೆ, ಎಸ್‌ಎಂಎಸ್, ವಾಟ್ಸಾಪ್ ಮೂರನ್ನೂ ಅಲ್ಲಿ ತಿಳಿಸಬಹುದು. 30 ದಿನಕ್ಕಿಂತ ಹಳೆಯದಾಗುವ ಮೊದಲು ತಿಳಿಸಿ. ಆ ನಂಬರ್ ಮುಚ್ಚಿಸುವುದು ಇದರ ಕೆಲಸ. ಶಿಕ್ಷೆ ಆಗಬೇಕೆಂದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಅಥವಾ ಠಾಣೆಯಲ್ಲೇ ದೂರು ಕೊಡಬೇಕು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇದಕ್ಕೆಂದೇ ಸೆನ್ ಠಾಣೆ ಇದೆ. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ ಠಾಣೆ ಅದು.

1909ಕ್ಕೆ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. 1909 ಮತ್ತು ಡಿಎನ್‌ಡಿ, ಅಂದರೆ ಬೇಡದ ಕರೆ, ಎಸ್‌ಎಂಎಸ್ ತಡೆಯುವ ವ್ಯವಸ್ಥೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಡಿ ಬರುತ್ತವೆ. ಅದು ಎಸ್‌ಎಂಎಸ್ ಮತ್ತು ಫೋನ್ ಕರೆಗೆ ಮಾತ್ರ. ವಾಟ್ಸಾಪ್ ಮೆಸೇಜಿಗೆ ಅಲ್ಲಿ ದೂರು ಕೊಟ್ಟರೆ ಕೆಲಸ ಆಗುವುದಿಲ್ಲ. ಎಸ್‌ಎಂಎಸ್ ಆಗಿದ್ದರೆ 7 ದಿನದೊಳಗೆ ಕೊಡಿ.

ಹಂತ 5: ದೂರು ಹೀಗೆ ಬರೆಯಿರಿ

ಉದ್ದ ಬೇಡ. ಯಾವಾಗ, ಎಲ್ಲಿಂದ, ಏನೆಂದು ಹೇಳಿಕೊಂಡ, ಏನು ಕೇಳಿದ, ನಿಮಗೆ ಏನಾಯಿತು. ಒಂದು ಮಾದರಿ:

"ದಿನಾಂಕ … ರಂದು ಸಂಜೆ 6:42ಕ್ಕೆ ನನ್ನ ವಾಟ್ಸಾಪ್‌ಗೆ … ನಂಬರಿನಿಂದ, ನನ್ನ ವಾಹನದ ಮೇಲೆ 1,000 ರೂ. ದಂಡ ಬಾಕಿ ಇದೆ ಎಂಬ ಮೆಸೇಜ್ ಮತ್ತು ಒಂದು ಎಪಿಕೆ ಫೈಲ್ ಬಂದಿತು. ಆ ಖಾತೆಯ ಚಿತ್ರದಲ್ಲಿ ಪೊಲೀಸ್ ಲಾಂಛನ ಇತ್ತು. ಪೊಲೀಸರ ಸೋಗಿನಲ್ಲಿ ನನ್ನ ಫೋನಿಗೆ ಹಾನಿಕಾರಕ ಆ್ಯಪ್ ಹಾಕಿಸಿ ಮೋಸ ಮಾಡಲು ಪ್ರಯತ್ನಿಸಿದ್ದಾರೆ. ನಾನು ಫೈಲ್ ತೆರೆದಿಲ್ಲ. 3 ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಮೂಲ ಫೋನ್ ನನ್ನ ಬಳಿ ಇದೆ. ಐಟಿ ಕಾಯ್ದೆ 66, 66ಡಿ ಮತ್ತು 84ಸಿ ಅಡಿ ಕ್ರಮಕ್ಕಾಗಿ ಕೋರುತ್ತೇನೆ."

ಸೆಕ್ಷನ್ ಬರೆಯುವುದು ಕಡ್ಡಾಯ ಅಲ್ಲ. ತಪ್ಪಿದರೂ ದೂರು ಬಿದ್ದುಹೋಗುವುದಿಲ್ಲ. ಆದರೆ ನಡೆದದ್ದನ್ನು ಜಾಸ್ತಿ ಮಾಡಿ ಬರೆಯಬೇಡಿ. ಇಲ್ಲದ ಬೆದರಿಕೆ ಸೇರಿಸಿದರೆ ಇಡೀ ದೂರಿನ ನಂಬಿಕೆ ಹೋಗುತ್ತದೆ.

ಹಂತ 6: ದೂರು ತೆಗೆದುಕೊಳ್ಳದಿದ್ದರೆ

"ನಮ್ಮ ವ್ಯಾಪ್ತಿ ಅಲ್ಲ" ಅಂದರೆ ಝೀರೋ ಎಫ್‌ಐಆರ್ ಕೇಳಿ. ಯಾವ ಠಾಣೆಯಲ್ಲಾದರೂ ದಾಖಲಿಸಿ ಆಮೇಲೆ ಸರಿಯಾದ ಠಾಣೆಗೆ ಕಳಿಸುವ ವ್ಯವಸ್ಥೆ ಅದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ರಲ್ಲಿದೆ. ಆನ್‌ಲೈನ್‌ನಲ್ಲಿ ಕೊಟ್ಟ ದೂರಿಗೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಎಫ್‌ಐಆರ್ ಮಾಡುವುದಿಲ್ಲ ಅಂದರೆ ಕಾರಣ ಬರೆದ ಹಿಂಬರಹ ಕೇಳಿ ಪಡೆಯಿರಿ. ಅದನ್ನು ಇಟ್ಟುಕೊಂಡು ಎಸ್‌ಪಿಗೆ ಅಥವಾ ಕಮಿಷನರೇಟ್ ಊರಾದರೆ ಡಿಸಿಪಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್.

ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರೇ ತನಿಖೆ ಮಾಡಬೇಕು. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ: ಈ ಕಾಯ್ದೆಯ 3 ವರ್ಷದ ಅಪರಾಧಗಳಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆರೋಪಿ ಮರುದಿನವೇ ಹೊರಗೆ ಬಂದರೆ ಕೇಸ್ ಸತ್ತಿತು ಅಂತ ತಿಳಿಯಬೇಡಿ.

ಕಳಿಸುವವರು ನೀವೇ ಆಗಿದ್ದರೆ

ನಿಮ್ಮ ಅಂಗಡಿಯ ನಿಜವಾದ ಆಫರನ್ನು, ನಿಮಗೆ ನಂಬರ್ ಕೊಟ್ಟ ಗಿರಾಕಿಗಳಿಗೆ ಕಳಿಸಿದರೆ ಜೈಲಿನ ಭಯ ಬೇಡ. ಆದರೆ "ಹತ್ತು ಸಾವಿರ ನಂಬರ್, ಎರಡು ಸಾವಿರ ರೂಪಾಯಿ" ಅಂತ ಮಾರುವ ಪಟ್ಟಿ ಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಮುಖ್ಯ ಭಾಗಗಳು ಅಲ್ಲಿಂದ 18 ತಿಂಗಳಿಗೆ ಜಾರಿ. ಒಪ್ಪಿಗೆ ಇಲ್ಲದೆ ಬೇರೆಯವರ ನಂಬರ್ ಬಳಸುವುದು ಅದರಲ್ಲಿ ತಪ್ಪು. ದಂಡದ ಗರಿಷ್ಠ ಮಿತಿ 250 ಕೋಟಿ. ಈಗಿನಿಂದಲೇ ಬಿಲ್ ಮಾಡುವಾಗ "ಆಫರ್ ಕಳಿಸಬಹುದಾ?" ಅಂತ ಕೇಳಿ, ಹೂಂ ಅಂದವರ ಹೆಸರು, ತಾರೀಕು ಬರೆದಿಡಿ. ಬೇಡ ಅಂದವರನ್ನು ಅವತ್ತೇ ತೆಗೆಯಿರಿ.

ಕಾಲೇಜು ಹುಡುಗರಿಗೆ ಒಂದು ಮಾತು, ಬಹಳ ಕಳಕಳಿಯಿಂದ. "ನಿನ್ನ ವಾಟ್ಸಾಪ್ ನಮ್ಮ ವೆಬ್‌ಸೈಟ್‌ಗೆ ಲಿಂಕ್ ಮಾಡು, ದಿನಕ್ಕೆ ಇಷ್ಟು ಕೊಡ್ತೀವಿ" ಅನ್ನುವ ಕೆಲಸಕ್ಕೆ ಹೋಗಬೇಡಿ. ನಿಮ್ಮ ನಂಬರಿಂದ ಮೋಸದ ಮೆಸೇಜು ಹೋಗುತ್ತದೆ. ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಗೊತ್ತಿದ್ದೂ ನೆರವಾದರೆ ಐಟಿ ಕಾಯ್ದೆಯ 84ಬಿ ಪ್ರಕಾರ ಅಸಲಿ ಅಪರಾಧಿಯಷ್ಟೇ ಶಿಕ್ಷೆ. ಬೇರೆಯವರ ದಾಖಲೆ ಕೊಟ್ಟು ಮೋಸದಿಂದ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು ಅಥವಾ 50 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿಯಲ್ಲೇ ನೋಡಬಹುದು.

ಗ್ರೂಪ್ ಅಡ್ಮಿನ್‌ಗಳು ಹೆದರಿ ಬರೆಯುತ್ತಾರೆ. ಬೇರೆ ಸದಸ್ಯ ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಹೊಣೆ ಮಾಡುವಂತಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ನೀವೇ ಹಂಚಿದ್ದರೆ ಮಾತು ಬೇರೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಅಲ್ಲಿ ಸ್ಪ್ಯಾಮೇ ಕಾನೂನಿನ ವಿಷಯ. ಕೆನಡಾದ ಸ್ಪ್ಯಾಮ್ ವಿರೋಧಿ ಕಾನೂನು 2014ರ ಜುಲೈ 1ರಿಂದ ಇದೆ. ಒಪ್ಪಿಗೆ ಇಲ್ಲದೆ ವ್ಯಾಪಾರದ ಮೆಸೇಜ್ ಕಳಿಸಿದ ವ್ಯಕ್ತಿಗೆ 10 ಲಕ್ಷ, ಕಂಪನಿಗೆ 1 ಕೋಟಿ ಕೆನಡಾ ಡಾಲರ್‌ವರೆಗೆ ದಂಡ ಬೀಳಬಹುದು. ಅಲ್ಲಿ ಊಟದ ಡಬ್ಬಿ, ಸೀರೆ ವ್ಯಾಪಾರ ಮಾಡುವ ನಮ್ಮವರು ಕನ್ನಡ ಸಂಘದ ಸದಸ್ಯರ ಪಟ್ಟಿ ಹಿಡಿದು ಎಲ್ಲರಿಗೂ ಕಳಿಸುವ ಮೊದಲು ಇದನ್ನು ಯೋಚಿಸಬೇಕು. ಅಮೆರಿಕದಲ್ಲಿ ಸ್ಯಾನ್‌ಫರ್ಡ್ ವಾಲೇಸ್ ಎಂಬಾತ ಸುಮಾರು 5 ಲಕ್ಷ ಫೇಸ್‌ಬುಕ್ ಖಾತೆಗಳ ಪಾಸ್‌ವರ್ಡ್ ಕದ್ದು 2.7 ಕೋಟಿಗೂ ಹೆಚ್ಚು ಸ್ಪ್ಯಾಮ್ ಕಳಿಸಿದ. 2009ರಲ್ಲಿ ಫೇಸ್‌ಬುಕ್‌ಗೆ 71.1 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. ಫೇಸ್‌ಬುಕ್ ಮುಟ್ಟಬಾರದು ಎಂಬ ಕೋರ್ಟ್ ಆದೇಶವನ್ನೂ ಮೀರಿದ. 2016ರಲ್ಲಿ ಎರಡೂವರೆ ವರ್ಷ ಜೈಲಾಯಿತು.

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ನಿಮ್ಮ ಅಪ್ಪ ಅಮ್ಮನಿಗೆ ಇಂಥ ಮೆಸೇಜ್ ಬಂದರೆ ದೂರನ್ನು ಅವರ ಹೆಸರಿನಲ್ಲೇ ಕೊಡಿಸಿ. ಮೆಸೇಜ್ ಬಂದದ್ದು ಅವರ ಫೋನಿಗೆ, ಸಾಕ್ಷಿಯೂ ಅದೇ ಫೋನು. ನಿಮಗೆ ಸ್ಕ್ರೀನ್‌ಶಾಟ್ ಕಳಿಸಿ ಆಮೇಲೆ ಚಾಟ್ ಅಳಿಸಿಬಿಡುವುದು ಅವರ ಅಭ್ಯಾಸ ಆಗಿರುತ್ತದೆ. ಅಳಿಸಬೇಡಿ ಅಂತ ಇವತ್ತೇ ಒಂದು ಫೋನ್ ಮಾಡಿ ಹೇಳಿಡಿ. 1930 ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿ.